ಎಣ್ಣೆ ಎಲ್ಲರದು ಅಂತ ಬರೆದಾಯ್ತು, ಎಣಿಸೋರು ಯಾರು?

ಕಡಲಬದಿ (ಕಾರವಾರ)
ಅಕ್ಕನ ಗಂಡ ರಜೆಗೆ ಬಂದಿದ್ದಾರೆ. ಇರಾಕಿನ ಬಸ್ರಾ ಹತ್ತಿರ ತೈಲಬಾವಿ ಕ್ಯಾಂಪಿನ ಅಡುಗೆಮನೆಯಲ್ಲಿ ಕೆಲಸ. ನಿನ್ನೆ ಬೈತಖೋಲದಲ್ಲಿ ಚಾ ಕುಡೀತಾ ಹೇಳಿದ್ದು ತಲೆಯಿಂದ ಹೋಗ್ತಾ ಇಲ್ಲ. ರಾತ್ರಿ ಕ್ಯಾಂಪಿನ ಕಿಟಕಿಗೆ ಪರದೆ ಹಾಕದೆ ನಿದ್ದೆ ಬರೋದಿಲ್ಲವಂತೆ, ಬಾವಿಯಿಂದ ಬರೋ ಗ್ಯಾಸನ್ನ ಸುಮ್ಮನೆ ಸುಡ್ತಾರೆ, ಆಕಾಶ ಎಲ್ಲ ಕಿತ್ತಳೆ ಬಣ್ಣ. ಆದರೆ ಅದೇ ಬೆಂಕಿ ಕಾಣೋ ಊರಲ್ಲಿ ಕರೆಂಟ್ ಇಲ್ಲ. ಬೀದಿಗೊಬ್ಬ ಜನರೇಟರ್ ಇಟ್ಟುಕೊಂಡವ ಇರ್ತಾನೆ, ತಿಂಗಳಿಗೆ ಇಷ್ಟು ಆಂಪಿಯರ್‌ಗೆ ಇಷ್ಟು ದುಡ್ಡು ಅಂತ ವಸೂಲಿ. ನಲ್ಲಿ ನೀರು ಉಪ್ಪು. 2018ರ ಬೇಸಿಗೆಯಲ್ಲಿ ಬಸ್ರಾದಲ್ಲಿ ನೀರು ಕುಡಿದು ಒಂದು ಲಕ್ಷಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ದು ಆಗ ಸುದ್ದಿಯಾಗಿತ್ತು.

ಇರಾಕಿನ 2005ರ ಸಂವಿಧಾನದ 111ನೇ ವಿಧಿ ಹೇಳೋದು ಏನು ಗೊತ್ತಾ? ತೈಲ ಮತ್ತು ಅನಿಲ ಎಲ್ಲ ಪ್ರಾಂತ್ಯಗಳ ಎಲ್ಲ ಇರಾಕಿ ಜನರ ಸ್ವತ್ತು. ನಾನು ಚಾ ಅಂಗಡಿಯ ಕಾಗದದ ಮೇಲೆ ಲೆಕ್ಕ ಹಾಕಿದೆ. ದಿನಕ್ಕೆ ಸುಮಾರು 33 ಲಕ್ಷ ಬ್ಯಾರೆಲ್ ರಫ್ತು, ಬ್ಯಾರೆಲ್‌ಗೆ 70 ಡಾಲರ್ ಅಂತ ಹಿಡೀರಿ, 2024ರ ಜನಗಣತಿ ಪ್ರಕಾರ 4.6 ಕೋಟಿ ಜನ. ತಲೆಗೆ ವರ್ಷಕ್ಕೆ 1,800 ಡಾಲರ್ ಚಿಲ್ಲರೆ, ನಮ್ಮ ದುಡ್ಡಲ್ಲಿ ಒಂದೂವರೆ ಲಕ್ಷ! ಐದು ಜನರ ಮನೆಗೆ ಏಳೂವರೆ ಲಕ್ಷ. 2003ರಲ್ಲಿ ಅಮೆರಿಕ ನುಗ್ಗಿದ ಯುದ್ಧ ಮುಗಿದ ಮೇಲೆ ಇದನ್ನ ನೇರ ಜನರ ಕೈಗೆ ಯಾಕೆ ಹಾಕಲಿಲ್ಲ?

ತೋಟಿಗ (ಶಿರಸಿ)
ಹಾಕಬಹುದು ಮಾರಾಯ್ರೆ, ಹಾಕಿದವರು ಇದ್ದಾರೆ. ಅಮೆರಿಕದ ಅಲಾಸ್ಕಾ ನೋಡಿ. 1968ರಲ್ಲಿ ಪ್ರೂಡೋ ಬೇಯಲ್ಲಿ ಎಣ್ಣೆ ಸಿಕ್ತು. 1976ರಲ್ಲಿ ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ತಂದು, ಖನಿಜದ ರಾಯಧನದಲ್ಲಿ ಕನಿಷ್ಠ ಕಾಲು ಭಾಗ ಒಂದು ಶಾಶ್ವತ ನಿಧಿಗೆ ಹೋಗಬೇಕು, ಅಸಲು ಮುಟ್ಟಬಾರದು ಅಂತ ಮಾಡಿದರು. ಗವರ್ನರ್ ಜೇ ಹ್ಯಾಮಂಡ್ ಹಟ ಹಿಡಿದು, 1982ರಲ್ಲಿ ಮೊದಲ ಸಲ ತಲೆಗೆ 1,000 ಡಾಲರ್ ಚೆಕ್ ಬಂತು. ಕೂಸಿಂದ ಹಿಡಿದು ಮುದುಕರ ತನಕ, ಬಡವ ಬಲ್ಲಿದ ಅಂತಿಲ್ಲ. 2022ರಲ್ಲಿ 3,284 ಡಾಲರ್ ಕೊಟ್ಟರು.

ಇದರಲ್ಲಿ ನನಗೆ ಇಷ್ಟ ಆದ ಒಂದು ಸಂಗತಿ. ಮೊದಲು ಅವರು ಮಾಡಿದ ಯೋಜನೆಯಲ್ಲಿ ಹಳಬರಿಗೆ ಹೆಚ್ಚು, ಹೊಸದಾಗಿ ಬಂದವರಿಗೆ ಕಡಿಮೆ. ರಾಜ್ಯದಲ್ಲಿ ಇದ್ದ ಒಂದೊಂದು ವರ್ಷಕ್ಕೆ 50 ಡಾಲರ್ ಲೆಕ್ಕ. ಹೊಸದಾಗಿ ಬಂದ ದಂಪತಿ ಕೋರ್ಟಿಗೆ ಹೋದರು, 1982ರಲ್ಲಿ ಸುಪ್ರೀಂ ಕೋರ್ಟು ಅದನ್ನ ಹೊಡೆದು ಹಾಕಿತು. ಆಮೇಲೆ ಸರ್ವರಿಗೂ ಸಮ. ನಮ್ಮಲ್ಲಿ ಆಗಿದ್ದರೆ ‘ಮೂಲ ನಿವಾಸಿ ಪ್ರಮಾಣಪತ್ರ’ಕ್ಕೆ ತಾಲೂಕು ಕಚೇರಿ ಮುಂದೆ ಸರದಿ ನಿಲ್ಲಬೇಕಿತ್ತು, ಅಲ್ದಾ?

ಬಂಗಡೆಸಾರು
ಅದೆಲ್ಲ ಇರಲಿ, ಈ ತಿಂಗಳ ಗೃಹಲಕ್ಷ್ಮಿ ಯಾರಿಗಾದರೂ ಜಮಾ ಆಯ್ತಾ?

ಗುಂದದಕ್ಕ
ಇಲ್ಲ ತಮ್ಮಾ. ಆದ್ರೂ ಆ ಪ್ರಶ್ನೆ ಇಲ್ಲಿಗೆ ಸರಿಯಾಗೇ ಇದೆ, ನಗಾಡಬೇಡಿ.

ನಿವೃತ್ತ ಮಾಸ್ತರ (ಅಂಕೋಲಾ)
ಕಡಲಬದಿಯವರೆ, ನಿಮ್ಮ ಲೆಕ್ಕದಲ್ಲಿ ಕೂಡಿಸೋದು ಗುಣಿಸೋದು ಸರಿ, ಆದರೆ ಕಳೆಯೋದನ್ನೇ ಮರೆತಿದ್ದೀರಿ. ಇರಾಕ್ ಸರ್ಕಾರದ ಆದಾಯದಲ್ಲಿ ನೂರಕ್ಕೆ ತೊಂಬತ್ತರಷ್ಟು ಎಣ್ಣೆಯದೇ. ಸಂಬಳ, ಪಿಂಚಣಿ, ಆಸ್ಪತ್ರೆ, ಶಾಲೆ, ಸೈನ್ಯ ಎಲ್ಲ ಅದರಲ್ಲೇ ನಡೀಬೇಕು. ಪೂರ್ತಿ ಹಂಚಿದರೆ ಮರುದಿನ ಶಾಲೆಗೆ ಮಾಸ್ತರ ಬರೋದಿಲ್ಲ. ಅಲಾಸ್ಕಾದ ಹಾಗೆ ಕಾಲು ಭಾಗ ಅಂತ ಇಟ್ಟುಕೊಂಡರೆ ತಲೆಗೆ ವರ್ಷಕ್ಕೆ 39 ಸಾವಿರ ರೂಪಾಯಿ ಹತ್ತಿರ. ಅದೂ ಸಣ್ಣದಲ್ಲ.

ಎರಡನೇದು, ಇದು ಯಾರಿಗೂ ಹೊಳೆಯದ ವಿಚಾರ ಅಲ್ಲ. 2003ರ ಮಾರ್ಚಿನಲ್ಲಿ ಯುದ್ಧ ಶುರುವಾಗಿ ಬಾಗ್ದಾದ್ ಬೀಳೋ ಹೊತ್ತಿಗೇ ಅಮೆರಿಕದ ಪತ್ರಿಕೆಗಳಲ್ಲಿ ‘ಇರಾಕಿಗೂ ಅಲಾಸ್ಕಾ ಮಾದರಿ’ ಅನ್ನೋ ಚರ್ಚೆ ಜೋರಾಗಿತ್ತು. ಆದದ್ದು ಬೇರೆ. ಆ ಮೇ ತಿಂಗಳಲ್ಲಿ ವಿಶ್ವಸಂಸ್ಥೆ ಭದ್ರತಾ ಮಂಡಳಿ 1483ನೇ ನಿರ್ಣಯ ಮಾಡಿ, ಎಣ್ಣೆ ಮಾರಿದ ದುಡ್ಡಲ್ಲಿ ನೂರಕ್ಕೆ 95 ‘ಇರಾಕ್ ಅಭಿವೃದ್ಧಿ ನಿಧಿ’ಗೆ, 5 ಇರಾಕ್ 1990ರಲ್ಲಿ ಕುವೈತಿಗೆ ನುಗ್ಗಿದ್ದರ ಪರಿಹಾರಕ್ಕೆ ಅಂತ ಇಟ್ಟಿತು. ನಿಧಿಯ ಬೀಗದಕೈ ಇದ್ದದ್ದು ಆಕ್ರಮಿಸಿಕೊಂಡವರ ಆಡಳಿತದ ಕೈಯಲ್ಲಿ.

ಆಗ ದುಡ್ಡು ಹಂಚಬೇಕು ಅಂದರೂ ಯಾರ ಹೆಸರಿಗೆ? 1997ರ ಜನಗಣತಿಯಲ್ಲಿ ಕುರ್ದಿಸ್ತಾನವೇ ಸೇರಿರಲಿಲ್ಲ. ದೇಶದಲ್ಲಿ ಎಲ್ಲರ ಹೆಸರೂ ಇದ್ದ ಪಟ್ಟಿ ಅಂದರೆ ರೇಷನ್ ಪಟ್ಟಿ ಒಂದೇ. 1990ರಲ್ಲಿ ನಿರ್ಬಂಧ ಬಿದ್ದ ಮೇಲೆ ಸದ್ದಾಂ ಸರ್ಕಾರ ಮನೆಮನೆಗೆ ಹಿಟ್ಟು, ಅಕ್ಕಿ, ಸಕ್ಕರೆ, ಚಾಪುಡಿ, ಅಡುಗೆ ಎಣ್ಣೆ ಕೊಡೋದಕ್ಕೆ ಮಾಡಿದ್ದು. 2005ರ ಜನವರಿ ಚುನಾವಣೆಗೆ ಮತದಾರರ ಪಟ್ಟಿ ಮಾಡಿದ್ದೂ ಅದರಿಂದಲೇ. ಯುದ್ಧದಲ್ಲಿ ಗೆದ್ದವರಿಗೂ ಕೊನೆಗೆ ಆಧಾರವಾಗಿದ್ದು ಪಡಿತರ ಅಂಗಡಿಯವನ ಪುಸ್ತಕ!

ಗುಂದದಕ್ಕ
ಮಾಸ್ತರೆ, ನಾನು ಅದೇ ಹೇಳೋಕೆ ಹೊರಟಿದ್ದೆ. 2023ರ ಜುಲೈನಲ್ಲಿ ನಮಗೂ ಅಕ್ಕಿ ಬದಲು ದುಡ್ಡು ಬಂತಲ್ಲ, ಕೆಜಿಗೆ 34 ರೂಪಾಯಿ, ಐದು ಕೆಜಿಗೆ 170. ಅಂಗಡಿಯಲ್ಲಿ ಅಕ್ಕಿ ಆ ರೇಟಿಗೆ ಎಲ್ಲಿತ್ತು? ಅಕ್ಕಿಯಾದರೆ ಬೆಲೆ ಏರಿದರೂ ಐದು ಕೆಜಿ ಐದು ಕೆಜಿಯೇ. ದುಡ್ಡು ಕರಗ್ತದೆ.

ಇರಾನ್ ಕತೆ ಓದಿ. 2010ರ ಡಿಸೆಂಬರಿನಲ್ಲಿ ಪೆಟ್ರೋಲು, ರೊಟ್ಟಿ, ಕರೆಂಟಿನ ಸಬ್ಸಿಡಿ ತೆಗೆದು, ತಲೆಗೆ ತಿಂಗಳಿಗೆ 45,500 ತೊಮಾನ್ ಖಾತೆಗೆ ಹಾಕಿದರು. ಶುರುವಿಗೆ ಅದು 40 ಡಾಲರಿಗಿಂತ ಮೇಲೆ. ಬಡವರ ಮನೆಯಲ್ಲಿ ನಿಜವಾಗಿ ಬದುಕು ಬದಲಾಯ್ತು. ಆಮೇಲೆ ನಿರ್ಬಂಧ, ಬೆಲೆ ಏರಿಕೆ. ಮೊತ್ತ ಮಾತ್ರ ಅಲ್ಲೇ ನಿಂತಿತು. ಇನ್ನೊಂದು, ಅಲ್ಲಿ ದುಡ್ಡು ಹೋಗಿದ್ದು ಮನೆ ಯಜಮಾನನ ಖಾತೆಗೆ. ಹೆಂಡತಿ ಮಕ್ಕಳ ‘ತಲೆ’ ಎಣಿಸಿದ್ದು ಹೌದು, ಆದರೆ ಕೈ ಒಂದೇ. ಆ ಒಂದು ವಿಷಯದಲ್ಲಿ ನಮ್ಮ ಎರಡು ಸಾವಿರ ಎಷ್ಟೋ ಮೇಲು, ತಡವಾದರೂ ನನ್ನ ಪಾಸ್‌ಬುಕ್ಕಿಗೇ ಬರ್ತದೆ.

ತೋಟಿಗ (ಶಿರಸಿ)
ಹಾಗಾದರೆ ನಾರ್ವೆ ಥರ ಮಾಡಿ. ಚೆಕ್ಕೂ ಬೇಡ ಪಾಸ್‌ಬುಕ್ಕೂ ಬೇಡ. 1990ರಲ್ಲಿ ನಿಧಿ ಕಾನೂನು, 1996ರಲ್ಲಿ ಮೊದಲ ಜಮಾ, ಈಗ ಲೋಕದಲ್ಲೇ ದೊಡ್ಡ ನಿಧಿಗಳಲ್ಲಿ ಒಂದು. ವರ್ಷಕ್ಕೆ ಸರಾಸರಿ ನೂರಕ್ಕೆ ಮೂರರಷ್ಟು ಮಾತ್ರ ತೆಗೆದು ಖರ್ಚು ಮಾಡ್ತಾರೆ.

ಆದರೆ ಇದರ ಹಿಂದೆ ಒಬ್ಬ ಬಸ್ರಾದವನೇ ಇದ್ದಾನೆ, ಕಡಲಬದಿಯವರು ತಮ್ಮ ಭಾವನಿಗೆ ಹೇಳಬೇಕು. ಫಾರೂಕ್ ಅಲ್ ಕಾಸಿಂ, ಭೂವಿಜ್ಞಾನಿ. ಹೆಂಡತಿ ನಾರ್ವೆಯವರು. ಮಗನಿಗೆ ಮೆದುಳಿನ ಪಾರ್ಶ್ವವಾಯು, ಒಳ್ಳೇ ಆರೈಕೆ ಸಿಗಲಿ ಅಂತ 1968ರಲ್ಲಿ ಬಸ್ರಾ ಬಿಟ್ಟು ನಾರ್ವೆಗೆ ಹೋದರು. ಅಲ್ಲಿನ ಕೈಗಾರಿಕಾ ಇಲಾಖೆಗೆ ಕೆಲಸ ಕೇಳಿ ಹೋದರೆ, ಅವರಿಗೋ ಎಣ್ಣೆ ಬಗ್ಗೆ ಗೊತ್ತಿದ್ದವರೇ ಕಡಿಮೆ. ಮರುವರ್ಷ ಎಕೋಫಿಸ್ಕ್ ಅನ್ನೋ ದೊಡ್ಡ ತೈಲ ಕ್ಷೇತ್ರ ಸಿಕ್ಕಿತು. ಎಣ್ಣೆ ಹೇಗೆ ತೆಗೀಬೇಕು, ಕಂಪನಿಗಳಿಗೆ ಎಷ್ಟು ಬಿಡಬೇಕು ಅನ್ನೋ ನೀತಿ ಕಟ್ಟಿದವರಲ್ಲಿ ಈ ಮನುಷ್ಯ ಮುಖ್ಯ. ನಾರ್ವೆಗೆ ದಾರಿ ತೋರಿಸಿದವ ಬಸ್ರಾದವ, ಬಸ್ರಾದ ನಲ್ಲಿಯಲ್ಲಿ ಉಪ್ಪುನೀರು. ಎಂತ ಹೇಳೋದು.

ನಿವೃತ್ತ ಮಾಸ್ತರ (ಅಂಕೋಲಾ)
ನಿಧಿ ಬಗ್ಗೆ ನನಗೆ ನಂಬಿಕೆ ಕಡಿಮೆ ತೋಟಿಗರೆ. ನಾರ್ವೆಯಲ್ಲಿ ಎಣ್ಣೆ ಸಿಗೋ ಮುಂಚೆಯೇ ಸರ್ಕಾರ ನೆಟ್ಟಗಿತ್ತು. ಆಫ್ರಿಕಾದ ಚಾಡ್ ದೇಶಕ್ಕೆ ವಿಶ್ವಬ್ಯಾಂಕ್ ಪೈಪ್‌ಲೈನಿಗೆ ಸಾಲ ಕೊಡುವಾಗ ಕಾನೂನೇ ಮಾಡಿಸಿತ್ತು: ನೂರಕ್ಕೆ ಹತ್ತು ಮುಂದಿನ ಪೀಳಿಗೆಗೆ ಅಂತ. 2003ರಲ್ಲಿ ಎಣ್ಣೆ ಹರೀತು, 2006ರಲ್ಲಿ ಆ ಕಲಮು ರದ್ದು, ದುಡ್ಡು ಭದ್ರತೆ ಹೆಸರಲ್ಲಿ ಬಂದೂಕಿನ ಕಡೆಗೆ. 2008ರಲ್ಲಿ ವಿಶ್ವಬ್ಯಾಂಕೇ ಕೈತೊಳೆದುಕೊಂಡಿತು. ಮುಂದಿನ ಪೀಳಿಗೆಗೆ ಓಟಿಲ್ಲ, ಬಂದೂಕೂ ಇಲ್ಲ, ಅವರ ದುಡ್ಡು ಎಲ್ಲಕ್ಕಿಂತ ಮೊದಲು ಹೋಗ್ತದೆ.

ದೂರತೀರ (ಭಟ್ಕಳ, ಈಗ ಕುವೈತ್)
ನಾನು ಬರೀಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಇರಾಕಿನ ಎಣ್ಣೆಯಲ್ಲಿ ನಮ್ಮ ಮನೆಗೂ ಒಂದು ಪಾಲು ಬಂದಿದೆ.

ಅಪ್ಪ 1990ರಲ್ಲಿ ಕುವೈತಿನಲ್ಲಿ ಬಟ್ಟೆ ಅಂಗಡಿಯಲ್ಲಿ ಇದ್ದರು. ಆಗಸ್ಟ್ 2ಕ್ಕೆ ಸದ್ದಾಂ ಸೈನ್ಯ ನುಗ್ಗಿತು. ಸಂಬಳ, ಸಾಮಾನು ಎಲ್ಲ ಬಿಟ್ಟು ಬಸ್ಸಲ್ಲಿ ಬಸ್ರಾ, ಬಾಗ್ದಾದ್, ಆಮೇಲೆ ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್. ಏರ್ ಇಂಡಿಯಾ ವಿಮಾನಗಳಲ್ಲಿ ಆಗ 1.7 ಲಕ್ಷ ಭಾರತೀಯರು ವಾಪಸ್ ಬಂದರು, ಅವರಲ್ಲೊಬ್ಬರು. ಮನೆಗೆ ಬರುವಾಗ ಕೈಯಲ್ಲಿ ಇದ್ದದ್ದು ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಅಂಗಡಿಯ ಅಳತೆ ಟೇಪು. ಯಾಕೆ ತಂದರು ಅಂತ ಅವರಿಗೇ ಗೊತ್ತಿರಲಿಲ್ಲ.

ಆಮೇಲೆ ವಿಶ್ವಸಂಸ್ಥೆಯ ಪರಿಹಾರ ಆಯೋಗಕ್ಕೆ ಅರ್ಜಿ ಹಾಕಿ ಅಂತ ಊರಲ್ಲಿ ಸುದ್ದಿ ಬಂತು. ದೇಶ ಬಿಟ್ಟು ಓಡಬೇಕಾದವರಿಗೆ ‘ಎ’ ವರ್ಗ, ಬೇರೆ ಯಾವ ಅರ್ಜಿಯೂ ಹಾಕೋದಿಲ್ಲ ಅಂದರೆ ಒಂಟಿ ಮನುಷ್ಯನಿಗೆ 4,000 ಡಾಲರ್. ಮೊದಲು 2,500, ಕೆಲವು ವರ್ಷ ಬಿಟ್ಟು ಉಳಿದದ್ದು, ದಿಲ್ಲಿ ಮೂಲಕ ಬಂತು. ಆಗಿನ ರೇಟಲ್ಲಿ ಒಂದೂವರೆ ಲಕ್ಷದ ಹತ್ತಿರ.

ಆ ದುಡ್ಡು ಎಲ್ಲಿಂದ ಅಂತ ನಾನು ತಿಳಕೊಂಡದ್ದು ಇತ್ತೀಚೆಗೆ. 1996ರ ಕೊನೆಗೆ ‘ಆಹಾರಕ್ಕಾಗಿ ತೈಲ’ ಅಂತ ಇರಾಕಿಗೆ ಎಣ್ಣೆ ಮಾರೋಕೆ ಬಿಟ್ಟರಲ್ಲ, ಆ ದುಡ್ಡಲ್ಲಿ ನೂರಕ್ಕೆ 30 ಮೊದಲು ಪರಿಹಾರಕ್ಕೆ. ಆಮೇಲೆ 25, ಯುದ್ಧದ ನಂತರ 5. ಇರಾಕ್ ಕೊನೇ ಕಂತು ಕಟ್ಟಿದ್ದು 2022ರ ಜನವರಿಯಲ್ಲಿ, ಒಟ್ಟು 52.4 ಬಿಲಿಯನ್ ಡಾಲರ್. ಅಂದರೆ ಮಾಸ್ತರು ಹೇಳಿದ ಆ ರೇಷನ್ ಸಾಲಿನಲ್ಲಿ ಇರಾಕಿನ ತಾಯಂದಿರು ಹಿಟ್ಟಿಗೆ ನಿಂತಿದ್ದಾಗ, ಅವರ ಎಣ್ಣೆಯಿಂದ ನನ್ನ ಅಪ್ಪನಿಗೆ ಹಣ ಬಂತು. ಅಪ್ಪನಿಗೆ ಅನ್ಯಾಯ ಆಗಿತ್ತು, ಅದು ನಿಜ. ಆದರೆ ಆ ತಾಯಂದಿರೇನು ಕುವೈತಿಗೆ ನುಗ್ಗಿದ್ದರಾ?

ಇನ್ನೊಂದು ಮಾತು ಸೇರಿಸ್ತೇನೆ. 2011ರಲ್ಲಿ ಕುವೈತ್ ಬಿಡುಗಡೆಯಾಗಿ ಇಪ್ಪತ್ತು ವರ್ಷ ಅಂತ ಇಲ್ಲಿನ ಪ್ರತಿ ಪ್ರಜೆಗೆ 1,000 ದಿನಾರ್ ಕೊಟ್ಟರು, ವರ್ಷಕ್ಕೂ ಹೆಚ್ಚು ಕಾಲ ಪುಕ್ಕಟೆ ದಿನಸಿ. ನಮ್ಮ ಮೇಲಿನವ ಆಫೀಸಿಗೆ ಮಿಠಾಯಿ ತಂದು ಹಂಚಿದ. ಇಲ್ಲಿ ವಾಸ ಇರೋರಲ್ಲಿ ಹೆಚ್ಚಿನವರು ನಮ್ಮಂಥ ಹೊರಗಿನವರು, ನಮ್ಮ ಪಾಲು ಆ ಮಿಠಾಯಿ. ಬೇಜಾರಿಲ್ಲ, ಆದರೆ ‘ಜನರ ಸ್ವತ್ತು’ ಅಂದಾಗ ಜನ ಅಂದರೆ ಯಾರು ಅಂತ ಒಮ್ಮೆ ಕೇಳಿಕೊಳ್ಳೋದು ಒಳ್ಳೇದು.

ಕಡಲಬದಿ (ಕಾರವಾರ)
ದೂರತೀರ, ಎಂತ ಬರೆದ್ರಿ ಮಾರಾಯ್ರೆ. ಭಾವನಿಗೆ ಓದಿ ಹೇಳಿದೆ, ಸುಮ್ಮನೆ ಕೂತುಬಿಟ್ಟರು.

ರಂಪಣಿಯಜ್ಜ (ಹಾರವಾಡ)
ಮೊಮ್ಮಗ ಟೈಪ್ ಮಾಡ್ತಾ ಇದ್ದಾನೆ, ತಪ್ಪಿದ್ದರೆ ಅವನದು.

ನೀವೆಲ್ಲ ಹಂಚೋದರ ಬಗ್ಗೆ ಮಾತಾಡ್ತೀರಿ. ನಾವು ಹಂಚಿದ್ದೇವೆ. ರಂಪಣಿ ಬಲೆ ಇದ್ದ ಕಾಲದಲ್ಲಿ ಒಂದು ಬಲೆಗೆ ಎಂಬತ್ತು, ನೂರು ಜನ. ಬಂಗಡೆ ಹಿಂಡು ಬಂದಾಗ ನೀರಿನ ಬಣ್ಣ ಕಪ್ಪು ನೀಲಿ ಆಗ್ತದೆ, ಅದನ್ನ ಕಾಯೋಕೇ ಒಬ್ಬ. ಅವ ಕೂಗಿದ ಅಂದರೆ ದೋಣಿ ಬಲೆ ಬಿಡ್ತಾ ಅರ್ಧ ಸುತ್ತು ಹೋಗಿ ಬರ್ತದೆ. ದಡದಲ್ಲಿ ಎರಡು ಗುಂಪು, ಎರಡು ಹಗ್ಗ, ಎಳೀಬೇಕು. ಅಂಗೈ ಚರ್ಮ ಸುಲಿದು ಉಪ್ಪುನೀರು ತಾಗಿದರೆ ಬೆಂಕಿ. ಮೀನು ಮೇಲೆ ಬಂದ ಮೇಲೆ ಮರಳಿನ ಮೇಲೇ ಬುಟ್ಟಿ ಲೆಕ್ಕ. ಬಲೆಗೆ ಇಷ್ಟು, ದೋಣಿಗೆ ಇಷ್ಟು, ಹಗ್ಗ ಹಿಡಿದವಗೆ ಇಷ್ಟು. ಒಬ್ಬ ಎಣಿಸ್ತಾನೆ, ಜೋರಾಗಿ. ನೂರು ಜನ ನೋಡ್ತಾ ನಿಂತಿರ್ತಾರೆ. ಒಂದು ಬುಟ್ಟಿ ತಪ್ಪಿ ಎಣಿಸಿದರೆ ಹತ್ತು ಬಾಯಿ ಒಟ್ಟಿಗೆ ಕೂಗ್ತವೆ. ಜಗಳ ಆಗ್ತಿತ್ತು, ಆಗ್ತಿರಲಿಲ್ಲ ಅಂತ ಹೇಳೋದಿಲ್ಲ. ಆದರೆ ಒಟ್ಟು ಎಷ್ಟು ಮೀನು ಬಿತ್ತು ಅಂತ ಯಾರಿಗೂ ಅನುಮಾನ ಇರಲಿಲ್ಲ.

70ರ ದಶಕದ ಕೊನೆಗೆ ಪರ್ಸೀನ್ ಬೋಟು ಬಂತು, ಯಂತ್ರದ್ದು, ದೊಡ್ಡ ಬಲೆಯದ್ದು. ಮೀನು ಹಿಡಿಯೋದು ಆಳ ಸಮುದ್ರದಲ್ಲಿ, ಲೆಕ್ಕ ಬಂದರಿನಲ್ಲಿ, ದುಡ್ಡು ದಲ್ಲಾಳಿ ಕೈಯಲ್ಲಿ. ಕೆಲಸದವನಿಗೆ ಈಗಲೂ ಪಾಲು ಅಂತಲೇ ಹೇಳ್ತಾರೆ. ಒಟ್ಟು ಎಷ್ಟು ಅಂತ ಕಣ್ಣಾರೆ ನೋಡದೆ ಇದ್ದವನಿಗೆ ಕೊಟ್ಟದ್ದು ಪಾಲಲ್ಲ ಮಗಾ, ಬಕ್ಷೀಸು.

ತೂಕದವ (ಬೇಲೆಕೇರಿ)
ಅಜ್ಜ ಹೇಳಿದ್ದಕ್ಕೆ ನನ್ನದೊಂದು. ನಾನು ಬಂದರುಗಳಲ್ಲಿ ಸರಕು ಅಳೆಯೋ ಸರ್ವೇಯರ್ ಆಗಿ ಇಪ್ಪತ್ತೆರಡು ವರ್ಷ ದುಡಿದವ. ಎಣ್ಣೆ ಹಡಗಿನಲ್ಲಿ ಎಷ್ಟಿದೆ ಅಂತ ಹೇಗೆ ಅಳೀತಾರೆ ಗೊತ್ತಾ? ಟ್ಯಾಂಕಿನ ಮೇಲಿನ ಸಣ್ಣ ಬಾಯಿಯಿಂದ ಟೇಪು ಇಳಿಸಿ, ಮೇಲಿಂದ ಎಣ್ಣೆ ಮಟ್ಟದ ತನಕ ಖಾಲಿ ಜಾಗ ಎಷ್ಟು ಅಂತ ನೋಡೋದು. ಹಡಗು ಎಷ್ಟು ವಾಲಿದೆ, ಎಣ್ಣೆ ಎಷ್ಟು ಬಿಸಿ ಇದೆ, ಎಲ್ಲ ಕೋಷ್ಟಕದಲ್ಲಿ ಹಾಕಿ ಲೆಕ್ಕ. ಬಿಸಿಲಿಗೆ ಎಣ್ಣೆ ಹಿಗ್ಗುತ್ತದೆ, ತಳದಲ್ಲಿ ನೀರಿದ್ದರೆ ಟೇಪಿನ ತುದಿಗೆ ಹಚ್ಚಿದ ಪೇಸ್ಟು ಬಣ್ಣ ಬದಲಾಗಿ ತೋರಿಸ್ತದೆ. 50 ಮೀಟರ್ ಉದ್ದ, 20 ಮೀಟರ್ ಅಗಲದ ಟ್ಯಾಂಕಲ್ಲಿ ಒಂದು ಸೆಂಟಿಮೀಟರ್ ಆಚೀಚೆ ಆದರೆ 10 ಘನ ಮೀಟರ್, ಅಂದರೆ 63 ಬ್ಯಾರೆಲ್. ಬೆರಳಿನ ಉಗುರಗಲ! ಅದಕ್ಕೇ ದಡದ ಕಡೆ ಪೈಪಿನಲ್ಲಿ ಮೀಟರ್ ಇರಬೇಕು, ಹಡಗಿನ ಲೆಕ್ಕಕ್ಕೂ ಅದಕ್ಕೂ ತಾಳೆ ನೋಡಬೇಕು.

2003ರ ನಂತರ ಇರಾಕಿನ ನಿಧಿ ಮೇಲೆ ಕಣ್ಣಿಡೋಕೆ ಅಂತಾರಾಷ್ಟ್ರೀಯ ಸಲಹಾ ಮತ್ತು ನಿಗಾ ಮಂಡಳಿ ಇತ್ತು. ಅದು ವರ್ಷ ವರ್ಷವೂ ಬರೆದದ್ದು ಇದನ್ನೇ: ಎಣ್ಣೆ ಅಳೆಯೋ ಮೀಟರ್ ವ್ಯವಸ್ಥೆ ಇಲ್ಲ, ಹಾಕಿ. ಬಾವಿಯಿಂದ ಎಷ್ಟು ಬಂತು, ಟರ್ಮಿನಲ್‌ನಿಂದ ಎಷ್ಟು ಹೋಯ್ತು ಅಂತ ಕೊನೇ ಹನಿ ತನಕ ಹೇಳೋಕೆ ಆಗದ ದೇಶದಲ್ಲಿ ತಲೆಗೆ ಇಷ್ಟು ಅಂತ ಹೇಗೆ ಭಾಗಿಸೋದು?

ದೂರ ಯಾಕೆ. 2010ರಲ್ಲಿ ನಮ್ಮೂರ ಬಂದರಿನಲ್ಲೇ ಜಪ್ತಿ ಮಾಡಿಟ್ಟ ಬಳ್ಳಾರಿ ಅದಿರು ಲಕ್ಷಗಟ್ಟಲೆ ಟನ್ ಹಡಗು ಹತ್ತಿ ಹೋಯ್ತು. ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿಯ ಮೇಲೆ ರಾಜ್ಯವೇ ಅಲ್ಲಾಡಿತು. ಅದಿರಿನ ಗುಡ್ಡ ರಸ್ತೆಯಿಂದಲೇ ಕಾಣ್ತಿತ್ತು. ಕಣ್ಣಿಗೆ ಕಾಣೋ ಗುಡ್ಡವೇ ಹಾಗೆ ಹೋದರೆ, ಪೈಪಿನೊಳಗಿನ ಎಣ್ಣೆ?

ಗುಂದದಕ್ಕ
ಅಜ್ಜನ ಮಾತು ಒಪ್ಪಿದೆ. ಆದರೆ ಅಜ್ಜಾ, ಆ ಮರಳಿನ ಮೇಲೆ ಎಣಿಸುವಾಗ ಹೆಂಗಸರು ಎಲ್ಲಿದ್ದರು?

ರಂಪಣಿಯಜ್ಜ (ಹಾರವಾಡ)
ಬುಟ್ಟಿ ಹೊರೋಕೆ ಇದ್ದರು. (ಮೊಮ್ಮಗ: ಅಜ್ಜಿ ಇಲ್ಲೇ ಕೂತು ನಗ್ತಾ ಇದ್ದಾಳೆ.)

ತೋಟಿಗ (ಶಿರಸಿ)
ಹಾಗೆ ನೋಡಿದರೆ ನಮ್ಮ ಘಟ್ಟದ ಮೇಲೂ ಹಂಚಿಕೆ ಇದೆ. ಸೊಪ್ಪಿನ ಬೆಟ್ಟ. ಬ್ರಿಟಿಷರ ಕಾಲದಿಂದ ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ, ಸೊಪ್ಪು, ದರಕು (ಒಣ ತರಗೆಲೆ) ತರೋಕೆ. ಕಾಡು ಸರ್ಕಾರದ್ದು, ಅನುಭವ ತೋಟ ಇದ್ದವರದ್ದು. ನನಗೂ ಬೆಟ್ಟ ಇದೆ, ಮುಚ್ಚಿಡೋದಿಲ್ಲ. ತೋಟ ಇಲ್ಲದವಗೆ ಸೊಪ್ಪಿನ ಹಕ್ಕೂ ಇಲ್ಲ. ಇದ್ದವನಿಗೇ ಪಾಲು ಅನ್ನೋ ಪದ್ಧತಿ ನೂರು ವರ್ಷ ನಡೆದರೆ ಅದನ್ನೇ ನ್ಯಾಯ ಅಂದುಕೊಳ್ತೇವೆ.

ಇರಾಕಿನಲ್ಲೂ ಎಣ್ಣೆ ಹಂಚಿಕೆ ಆಗ್ತಾ ಇಲ್ಲ ಅಂತಲ್ಲ ಮಾಸ್ತರೆ. ಸಂಬಳದ ರೂಪದಲ್ಲಿ ಆಗ್ತಾ ಇದೆ. 40 ಲಕ್ಷಕ್ಕೂ ಮೇಲೆ ಸರ್ಕಾರಿ ನೌಕರರು. ಶಿಯಾ, ಸುನ್ನಿ, ಕುರ್ದ್ ಪಕ್ಷಗಳು ಇಲಾಖೆ ಹಂಚಿಕೊಳ್ತವೆ, ಇಲಾಖೆಯವರು ನೌಕರಿ ಹಂಚ್ತಾರೆ. ಪಕ್ಷದ ಗುರುತಿದ್ದವಗೆ ನೌಕರಿ, ಇಲ್ಲದವ ಬೀದಿಯಲ್ಲಿ. 2019ರ ಅಕ್ಟೋಬರಿನಲ್ಲಿ ಹುಡುಗರು ಬೀದಿಗಿಳಿದದ್ದು ಅದಕ್ಕೇ, ನೂರಾರು ಜನ ಸತ್ತರು, ಪ್ರಧಾನಿ ಅಬ್ದುಲ್ ಮಹ್ದಿ ರಾಜೀನಾಮೆ ಕೊಟ್ಟರು.

ಹೊಳೆಯಾಚೆ (ಕದ್ರಾ)
ಎಲ್ಲರೂ ತಲೆ ಲೆಕ್ಕ ಮಾತಾಡ್ತೀರಿ, ಹೊಗೆ ಕುಡಿಯೋ ಊರಿನ ಲೆಕ್ಕ? ಬಸ್ರಾದವನಿಗೂ ಬಾಗ್ದಾದಿನವನಿಗೂ ಒಂದೇ ಚೆಕ್ಕಾ? ಇರಾಕ್ ಉತ್ಪಾದಿಸೋ ಪ್ರಾಂತ್ಯಗಳಿಗೆ 2010ರಿಂದ ಬ್ಯಾರೆಲ್‌ಗೆ ಒಂದು ಡಾಲರ್ ಅಂತ ಮಾಡಿತು, 2013ರಲ್ಲಿ ಐದು ಡಾಲರ್ ಅಂತ ತಿದ್ದಿತು. ಕಾಗದದಲ್ಲಿ. ಇಂಡೊನೇಷ್ಯಾದ ಅಚೆ ಪ್ರಾಂತ್ಯದಲ್ಲಿ 2005ರ ಹೆಲ್ಸಿಂಕಿ ಶಾಂತಿ ಒಪ್ಪಂದದಲ್ಲಿ ಬಂಡುಕೋರರು ತೈಲ ಅನಿಲದ ನೂರಕ್ಕೆ 70 ತಮ್ಮ ಪ್ರಾಂತ್ಯಕ್ಕೆ ಬರೆಸಿಕೊಂಡರು. ಒಳ್ಳೇದಾಯ್ತು ಅನ್ನೋ ಅಷ್ಟರಲ್ಲಿ ಅಲ್ಲಿನ ಅರುನ್ ಅನಿಲ ಕ್ಷೇತ್ರ ಬರಿದಾಗ್ತಾ ಬಂದಿತ್ತು, 2014ರಲ್ಲಿ ಕೊನೇ ಹಡಗು ಹೋಯ್ತು.

ನಮ್ಮದು ಒಂದು ಯೋಜನೆಗೆ ಎದ್ದ ಮನೆ. ಯಾವುದು ಅಂತ ಬರೆಯೋದಿಲ್ಲ, ಈ ಜಿಲ್ಲೆಯಲ್ಲಿ ಯೋಜನೆಗಳಿಗೆ ಬರಗಾಲವೇ? ಪರಿಹಾರ ಅಂತ ಅಜ್ಜನಿಗೆ ಒಂದೇ ಸಲ ದುಡ್ಡು ಕೊಟ್ಟರು. ಅರ್ಧ ಮದುವೆಗೆ, ಅರ್ಧ ವಕೀಲರಿಗೆ. ನಮ್ಮ ಗದ್ದೆ ಮೇಲೆ ನಿಂತದ್ದು ಪ್ರತಿ ವರ್ಷ ದುಡೀತದೆ, ನಮಗೆ ಮಾತ್ರ ಒಂದೇ ವರ್ಷದ ಲೆಕ್ಕ. ಅಲಾಸ್ಕಾದ ಚೆಕ್ಕಿನಲ್ಲಿ ನನಗೆ ಕಂಡದ್ದು ಅದೊಂದೇ. ಅದು ಪರಿಹಾರ ಅಲ್ಲ, ವರ್ಷ ವರ್ಷ ಬರೋ ಗೇಣಿ. ಮಾಲೀಕನಿಗೆ ಬರೋದು.

ನಿವೃತ್ತ ಮಾಸ್ತರ (ಅಂಕೋಲಾ)
ಗೇಣಿ ಅನ್ನೋ ಮಾತು ಸರಿಯಾಗಿದೆ ತಮ್ಮಾ. ನಾನು ಈವರೆಗೆ ನಗದು ಹಂಚೋದಕ್ಕೆ ವಿರೋಧಿ, ಶಾಲೆ ಆಸ್ಪತ್ರೆಗೇ ಹಾಕಿ ಅನ್ನೋನು. ಆದರೂ ಒಂದು ಯೋಚನೆ ಬಂತು. ಅಲಾಸ್ಕಾದಲ್ಲಿ 2016ರಲ್ಲಿ ಗವರ್ನರ್ ಚೆಕ್ಕನ್ನ ಅರ್ಧಕ್ಕೆ ಇಳಿಸಿದಾಗ ರಾಜ್ಯವೇ ಎದ್ದು ಕೂತಿತು, ಕೋರ್ಟಿಗೆ ಹೋದರು. ಶಾಲೆಯ ಅನುದಾನ ಅರ್ಧ ಆದರೆ ಯಾರೂ ಅಷ್ಟು ಕೂಗೋದಿಲ್ಲ. ಕಡಿಮೆ ಆಯ್ತು ಅಂತ ಪ್ರತಿ ಮನೆಗೂ ಗೊತ್ತಾಗೋದೇ ಚೆಕ್ಕಿನ ಗುಣ. ರಂಪಣಿಯವರ ಹತ್ತು ಬಾಯಿ ಅಂದರಲ್ಲ ಅಜ್ಜ, ಅದು. ಸಣ್ಣ ಮೊತ್ತವಾದರೂ ಸರಿ, ಹೆಂಗಸರ ಖಾತೆಗೂ ಬೇರೆಯೇ ಬರಲಿ, ಒಟ್ಟು ಎಷ್ಟು ಮಾರಾಟ ಆಯ್ತು ಅನ್ನೋದು ಅದೇ ಚೀಟಿಯಲ್ಲಿ ಅಚ್ಚಾಗಲಿ. ಅಷ್ಟಕ್ಕೆ ನಾನು ಒಪ್ಪಿದೆ. ಉಳಿದ ಮುಕ್ಕಾಲು ಶಾಲೆಗೇ, ಅದರಲ್ಲಿ ಬದಲಿಲ್ಲ.

ಬಂಗಡೆಸಾರು
ಮಾಸ್ತರು ಒಪ್ಪಿದ್ದು! ಸ್ಕ್ರೀನ್‌ಶಾಟ್ ತೆಗೆದಿಟ್ಟೆ.

ಕಡಲಬದಿ (ಕಾರವಾರ)
ಭಾವ ನಾಡಿದ್ದು ಹೊರಡ್ತಾರೆ. ಅಕ್ಕ ಒಣಬಂಗಡೆ ಕಟ್ಟಿ ಕೊಡ್ತಾ ಇದ್ದಾಳೆ, ಕ್ಯಾಂಪಿನಲ್ಲಿ ವಾಸನೆಗೆ ಬೈಯ್ತಾರಂತೆ, ಆದರೂ. ಈ ಚರ್ಚೆ ಪೂರ್ತಿ ಓದಿಸಿದೆ. ಅವರು ಹೇಳಿದ್ದಿಷ್ಟೇ: ಅಡುಗೆಮನೆಯಲ್ಲಿ ಪಾತ್ರೆ ತೊಳೆಯೋ ಬಸ್ರಾದ ಹುಡುಗ ಒಬ್ಬ ಇದ್ದಾನೆ, ಇಂಜಿನಿಯರಿಂಗ್ ಓದಿದವ. ಅವನನ್ನ ಕೇಳಿದರೆ ದುಡ್ಡು ಬೇಡ, ಕ್ಯಾಂಪಿನ ಒಳಗಿನ ನೌಕರಿ ಬೇಕು ಅಂತಾನಂತೆ. ಬಾವಿ ಅವನ ಅಜ್ಜನ ಜಾಗದ ಪಕ್ಕದಲ್ಲೇ.

ದೂರತೀರ (ಭಟ್ಕಳ, ಈಗ ಕುವೈತ್)
ನಿನ್ನೆ ಅಮ್ಮನಿಗೆ ಫೋನ್ ಮಾಡಿ ಆ ಪರಿಹಾರದ ದುಡ್ಡು ಎಂತ ಮಾಡಿದಿರಿ ಅಂತ ಕೇಳಿದೆ. ನಾನು ಮನೆಯ ಮಾಡಿಗೆ ಹೋಯ್ತು ಅಂದುಕೊಂಡಿದ್ದೆ. ಅಲ್ಲವಂತೆ. ಮೊದಲ ಕಂತಿನಲ್ಲಿ ಅಪ್ಪನ ಸಾಲ ತೀರಿತು, ಎರಡನೇದರಲ್ಲಿ ಬಾವಿ ತೋಡಿಸಿದರು. ಮೊದಲಿನ ಬಾವಿಗೆ ಕಡಲ ನೀರು ನುಗ್ಗಿ ಉಪ್ಪಾಗಿತ್ತು. ಈ ಮೇ ತಿಂಗಳಲ್ಲೂ ಆ ಹೊಸ ಬಾವಿಯಿಂದ ಪಕ್ಕದ ನಾಲ್ಕು ಮನೆಯವರು ಕೊಡ ತುಂಬಿಕೊಂಡರಂತೆ. ಅಪ್ಪನ ಕಾಗದ ಅಮ್ಮನ ಪೆಟ್ಟಿಗೆಯಲ್ಲಿ ಇದೆ, ತಂಗಿ ಫೋಟೋ ಕಳಿಸಿದ್ದಾಳೆ, ಇಲ್ಲಿ ಹಾಕ್ತೇನೆ.

ತೂಕದವ (ಬೇಲೆಕೇರಿ)
ಹಾಕಿ. ಹೆಸರು, ಕ್ಲೇಮ್ ನಂಬರ್ ಮಾತ್ರ ಮುಚ್ಚಿ ಹಾಕಿ ಮಾರಾಯ್ರೆ.